ನಾದಿನಿಯ ಸೊನ್ನೆಗಳು

ಗಲ್ಫಿನಲ್ಲಿ ನಮ್ಮವರ ಬಾಯಲ್ಲಿ ಊರು ಎಂಬ ಮಾತಿಗೆ ಒಂದೇ ಅರ್ಥ. ವಿಮಾನ ಹತ್ತಿ ಹೋಗಬೇಕಾದ ಜಾಗ, ಅಂದರೆ ಮಂಗಳೂರು, ಉಡುಪಿ ಕಡೆ. ಹಾಗಾಗಿ ನಾನು ದೋಹಾದಲ್ಲಿ ಇಳಿದು ಮಗಳ ಕಾರಿನ ಹಿಂದಿನ ಸೀಟಿನಲ್ಲಿ ಕೂತು, "ಅಂತೂ ಊರಿಗೆ ಬಂದ ಹಾಗಾಯ್ತು" ಎಂದಾಗ ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿದಳು.

"ಅಮ್ಮ, ಇದು ಊರಲ್ಲ. ನೀನು ಊರಿಂದ ಬಂದದ್ದು. ಶುಗರಿನ ಮಾತ್ರೆ ತಗೊಂಡಿದ್ದೀಯಾ?"

ತೆಗೆದುಕೊಂಡಿದ್ದೆ. ತಲೆಯೂ ಸರಿಯಾಗಿತ್ತು. ಇಪ್ಪತ್ತೇಳು ವರ್ಷ ಅಲ್ ಖೋರ್‌ನಲ್ಲಿ ಸಂಸಾರ ಮಾಡಿದವಳು ನಾನು. ನನ್ನ ಗಂಡ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಪ್ಲಾಂಟಿಗೆ ಹೋದರೆ ಸಂಜೆ ಧೂಳು ಹೊತ್ತು ಇಳಿಯುತ್ತಿದ್ದರು. ಅಲ್ಲಿಯೇ ಮಗಳು ಹುಟ್ಟಿದಳು, ನನ್ನ ಹಲ್ಲುಗಳಲ್ಲಿ ಅರ್ಧ ಅಲ್ಲಿಯೇ ಬಿದ್ದವು. ಅವರು ನಿವೃತ್ತರಾದ ಮೇಲೆ ನಾವಿಬ್ಬರೂ ಊರು ಸೇರಿದೆವು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಅಲ್ ಖೋರ್‌ನಲ್ಲಿ ಉಳಿದವಳು ಅವರ ತಂಗಿ, ನನ್ನ ನಾದಿನಿ. ಎರಡು ತಿಂಗಳ ಹಿಂದೆ ಅವಳೂ ಹೋದಳು. ದೇಹವನ್ನು ಊರಿಗೆ ತಂದು ಕ್ರಿಯೆ ಎಲ್ಲ ಮುಗಿಸಿದ್ದೆವು. ಉಳಿದದ್ದು ಅವಳ ಕೋಣೆ. ಕಾಗದಪತ್ರ ಅಳಿಯ ನೋಡಿಕೊಂಡ. ಸಾಮಾನು ನೋಡಲು ನಾನು ಬರಬೇಕಾಯಿತು.

ಇದನ್ನು ಮೊಮ್ಮಗಳು ಕಲಿಸಿದ ಹಾಗೆ ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುತ್ತಿದ್ದೇನೆ. ನಾದಿನಿ ಎಂದು ಒತ್ತಲು ಹೊರಟರೆ ಮೊದಲ ಅಕ್ಷರಕ್ಕೇ ಈ ಫೋನು ನಾಯಿ ಎಂದು ತೋರಿಸುತ್ತದೆ. ಅವಳು ಬದುಕಿದ್ದರೆ, "ನೀವೇ ಅದಕ್ಕೆ ಹೇಳಿಕೊಟ್ಟದ್ದು ಅತ್ತಿಗೆ" ಎಂದು ಒಂದು ವಾರ ಮಾತು ಬಿಡುತ್ತಿದ್ದಳು.

ನಾದಿನಿ ಮದುವೆಯಾದವಳಲ್ಲ. ಹೊಲಿಗೆಯವಳು. ಅಲ್ ಖೋರ್‌ನ ಒಂದು ಅರಬರ ಮನೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಕೆಲಸಕ್ಕೆಂದು ಬಂದು, ಆ ಮನೆಯ ಹಿತ್ತಲ ಕೋಣೆಯಲ್ಲಿಯೇ ಮುದುಕಿಯಾದಳು. ಮನೆಯ ಯಜಮಾನಿ ಒಬ್ಬ ಹಿರಿಯ ಹೆಂಗಸು. ಎಲ್ಲರೂ ಅವರನ್ನು ಮಾಮಾ ಎನ್ನುತ್ತಾರೆ, ಅಮ್ಮ ಎಂಬ ಅರ್ಥದಲ್ಲಿ. ಮಾಮಾನ ಒಪ್ಪಿಗೆಯಿಂದ ಸಂಜೆ ಹೊತ್ತು ಹೊರಗಿನವರ ಬಟ್ಟೆಯನ್ನೂ ಹೊಲಿಯುತ್ತಿದ್ದಳು. ಕಂಪನಿ ಟೌನ್‌ಶಿಪ್ಪಿನ ನಮ್ಮ ಹೆಂಗಸರ ಅರ್ಧ ರವಿಕೆಗಳು ಅವಳ ಕೈಯಿಂದಲೇ ಬಂದವು.

ಆಸ್ಪತ್ರೆಯಿಂದ ವಿಡಿಯೋ ಕಾಲಿನಲ್ಲಿ ಅವಳು ಕೊನೆಗೆ ಮಾತಾಡಿದ್ದು ಬಟ್ಟೆಯ ವಿಷಯವೇ.

"ಅತ್ತಿಗೆ, ಕೋಣೆಯಲ್ಲಿ ಬೇರೆಯವರ ಬಟ್ಟೆ ಉಂಟು. ಒಂದೂ ಉಳಿಬಾರ್ದು. ನೀವೇ ಬಂದು ಕೊಡ್ಬೇಕು. ನಿಮ್ಮ ಮಗಳತ್ರ ಹೇಳಿದ್ರೆ ಅವಳು ಎಲ್ಲ ಒಟ್ಟಿಗೆ ಆ ದಾನದ ಪೆಟ್ಟಿಗೆಗೆ ಹಾಕ್ತಾಳೆ."

"ಮೊದಲು ನೀನು ಹುಷಾರಾಗು. ಮತ್ತೆ ನೀನೇ ಕೊಡು."

"ನಂಗೆ ಇನ್ನು ಆಗುದಿಲ್ಲ. ನಿಮಗೆ ಅಲ್ಲಿ ಎಂತ ಕೆಲಸ ಉಂಟು? ಧಾರಾವಾಹಿ ನೋಡುದಲ್ವಾ?"

ಆಯಿತು ಎಂದೆ. ಅವಳಿಗೆ ಆಯಿತು ಎಂದದ್ದು ಇಡೀ ಜೀವನದಲ್ಲಿ ಅದೊಂದೇ ಸಲ ಇರಬೇಕು. ಅದಕ್ಕೇ ಅದು ನನ್ನನ್ನು ಬಿಡಲಿಲ್ಲ.

ಅಲ್ ಖೋರ್ ದಾರಿಯಲ್ಲಿ ನೋಡಲು ಏನೂ ಇಲ್ಲ. ಚಪ್ಪಟೆ ನೆಲ, ಕಂದು ಬಣ್ಣ, ಅಲ್ಲೊಂದು ಇಲ್ಲೊಂದು ಕುರುಚಲು ಗಿಡ, ಕಣ್ಣು ಹೋದಷ್ಟು ದೂರ ಅದೇ. ಮೊದಲ ಸಲ ಬಂದಾಗ ಇದನ್ನು ನೋಡಿ ಅತ್ತಿದ್ದೆ. ಈ ಸಲ ಉಮ್ಮ್ ಸಲಾಲ್ ದಾಟಿದ ಮೇಲೆ ಆ ಏನೂ ಇಲ್ಲದ್ದು ಕಾಣಿಸತೊಡಗಿದಾಗ ಚಪ್ಪಲಿ ಬಿಚ್ಚಿ ಕಾಲು ಮಡಚಿ ಕೂತೆ. ಮನೆಯ ಹತ್ತಿರ ಬಂದಾಗ ಹಾಗೇ ಆಗುವುದು.

ಮಗಳು ಇರುವುದು ಅಲ್ ರಯ್ಯಾನ್‌ನಲ್ಲಿ. ಅವಳಿಗೆ ಆಫೀಸು, ಮೊಮ್ಮಗಳಿಗೆ ಶಾಲೆ. ದಿನಾ ನನ್ನನ್ನು ಕರೆತಂದು ಬಿಡಲು ಆಗುವುದಿಲ್ಲ. ಆದ್ದರಿಂದ ಐದು ದಿನ ನಾದಿನಿಯ ಕೋಣೆಯಲ್ಲೇ ಇರುವುದೆಂದು ನಿಶ್ಚಯವಾಗಿತ್ತು. ಶುಕ್ರವಾರ ಸಂಜೆಯೊಳಗೆ ಕೋಣೆ ಖಾಲಿಯಾಗಬೇಕು. ಶನಿವಾರ ಮಾಮಾನ ಮಗ ಹಿತ್ತಲ ಕೋಣೆಗಳನ್ನು ಕೆಡವಿ ಕಾರುಗಳಿಗೆ ನೆರಳು ಮಾಡಿಸುತ್ತಾನಂತೆ.

ಮಾಮಾ ಬಾಗಿಲಲ್ಲೇ ಕಾಯುತ್ತಿದ್ದರು. ನನ್ನನ್ನು ಅಪ್ಪಿ, ಹೆಗಲಿಗೆ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕಣ್ಣೊರೆಸಿಕೊಂಡು, "ಊಟಾ ಆಯ್ತಾ?" ಎಂದರು. ನಾದಿನಿ ಕಲಿಸಿದ್ದು. ಮಾಮಾನಿಗೆ ಬರುವ ಕನ್ನಡ ಅಷ್ಟೇ. ಬೆಳಿಗ್ಗೆ ಎದ್ದಾಗಲೂ ಅದೇ, ಬೀಳ್ಕೊಡುವಾಗಲೂ ಅದೇ. ನನಗೆ ಬರುವ ಅರಬಿ ಅದಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಎಲ್ಲ ತರಕಾರಿಯದ್ದು.

ಕೋಣೆಯಲ್ಲಿ ಕಪಾಟು ತೆರೆದಾಗ ಇಪ್ಪತ್ತೊಂದು ಕಟ್ಟುಗಳಿದ್ದವು. ಪ್ರತಿಯೊಂದಕ್ಕೂ ಬಟ್ಟೆಯ ಚೂರಿನ ಗಂಟು, ಗಂಟಿಗೆ ಒಂದು ಚೀಟಿ, ಚೀಟಿಯಲ್ಲಿ ಒಂದು ಅಂಕಿ. ಆ ಅಂಕಿಗೆ ಸರಿಯಾಗಿ ಒಂದು ಉದ್ದ ಪುಸ್ತಕದಲ್ಲಿ ಅಳತೆ, ಫೋನ್ ನಂಬರು. ಎಲ್ಲ ಅಚ್ಚುಕಟ್ಟು. ಆದರೆ ಹೆಸರು ಮಾತ್ರ ಒಂದೂ ಇಲ್ಲ.

ನಾದಿನಿ ಯಾರನ್ನೂ ಹೆಸರಿನಿಂದ ಬರೆದವಳಲ್ಲ. "ಉಬ್ಬಸದ ಟೀಚರು." "ಅಳತೆಗೆ ಹೊಟ್ಟೆ ಒಳಗೆ ಎಳೆಯುವವಳು, ಎರಡಿಂಚು ಕೂಡಿಸು." "ಗಂಡ ಬಸ್ಸಲ್ಲಿ ಗೊರಕೆ." ಮೊದಲ ಸಂಜೆ ಹಾಸಿಗೆಯ ಮೇಲೆ ಬೆನ್ನು ಊರಿಕೊಂಡು ಇದನ್ನೆಲ್ಲ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಹುಡುಕಿದೆ, ನನ್ನದೇನಾದರೂ ಇದೆಯೋ ಎಂದು. ಇತ್ತು, ಹಳೆಯ ಪುಟದಲ್ಲಿ. "ಅಣ್ಣನ ಹೆಂಡತಿ. ಎಷ್ಟು ಚಂದ ಹೊಲಿದರೂ ಕುತ್ತಿಗೆ ಸರಿಯಿಲ್ಲ ಎನ್ನುತ್ತಾರೆ." ಅದು ನಿಜವೇ. ಅವಳು ಕುತ್ತಿಗೆ ಇಡುತ್ತಿದ್ದದ್ದು ಸರಿಯಿರಲಿಲ್ಲ.

ಫೋನ್ ನಂಬರುಗಳು ಓದಲು ಬಂದರೆ ಕೆಲಸ ಎರಡು ದಿನದ್ದು. ಅಲ್ಲಿಯೇ ತೊಡಕಾಯಿತು. ನಾದಿನಿ ನಮ್ಮೂರಿನ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು. ಅಂಕಿಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಮಾಮಾನ ಅಡುಗೆಮನೆಯ ಕ್ಯಾಲೆಂಡರು ನೋಡಿ ಅರಬಿ ಅಂಕಿಗಳನ್ನೂ ಕಲಿತಳು. ಕಲಿತದ್ದನ್ನು ಬಿಡುವ ಜಾತಿಯಲ್ಲ ಅವಳು. ಒಂದೇ ನಂಬರಿನಲ್ಲಿ ಎರಡು ಅಂಕಿ ಕನ್ನಡದ್ದು, ಮೂರು ಅರಬಿಯದ್ದು, ಮತ್ತೆ ಕನ್ನಡದ್ದು, ಕೈಗೆ ಯಾವುದು ಮೊದಲು ಬಂದರೆ ಅದು.

ಮೊಮ್ಮಗಳಿಗೆ ಪುಟದ ಫೋಟೋ ಕಳಿಸಿದೆ. "ಅಜ್ಜಿ, ಇದು ಡಿಸೈನಾ?" ಎಂದು ಕೇಳಿದಳು. ಅವಳಿಗೆ ಕನ್ನಡದ ಅಂಕಿಯೇ ಗೊತ್ತಿಲ್ಲ, ಇನ್ನು ಅರಬಿಯದ್ದು ಎಲ್ಲಿಂದ. ಮಗಳಿಗೂ ಗೊತ್ತಿಲ್ಲ. ಕೊನೆಗೆ ಪುಸ್ತಕ ಹಿಡಿದು ಮಾಮಾನ ಹತ್ತಿರ ಹೋದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟರು. ತನಗೆ ತಿಳಿದ ಅಂಕಿ ಬಂದಾಗ ಅರಬಿಯಲ್ಲಿ ಹೇಳಿ ಬೆರಳುಗಳನ್ನು ಎತ್ತಿ ತೋರಿಸುತ್ತಿದ್ದರು. ತಿಳಿಯದ್ದು ಬಂದಾಗ "ಹಾದಾ ಇಂತಿ" ಎನ್ನುತ್ತಿದ್ದರು, ಇದು ನಿನ್ನದು ಎಂದು. ಹೀಗೆ ಒಬ್ಬರಿಗೊಬ್ಬರ ಭಾಷೆ ತಿಳಿಯದ ಇಬ್ಬರು ಮುದುಕಿಯರು ಒಂದೇ ನಂಬರನ್ನು ಪಾಲು ಮಾಡಿಕೊಂಡು ಓದಿದೆವು. ಮಧ್ಯೆ ಮಧ್ಯೆ ಖರ್ಜೂರ, ಅವರ ಕಹ್ವಾ ಕಾಫಿ. ಕಣ್ಣು ಉರಿಯುತ್ತಿತ್ತು. ಅವರಿಗೂ ಉರಿಯುತ್ತಿತ್ತೆಂದು ಕಾಣುತ್ತದೆ, ಪ್ರತಿ ಪುಟಕ್ಕೆ ಒಮ್ಮೆ ಇಬ್ಬರೂ ಕನ್ನಡಕ ತೆಗೆದು ಒರೆಸುತ್ತಿದ್ದೆವು.

ಬುಧವಾರದೊಳಗೆ ಇಪ್ಪತ್ತು ಕಟ್ಟುಗಳು ಹೋದವು. ಬಂದವರೆಲ್ಲ ನಾದಿನಿಯ ವಿಷಯ ಎರಡು ಒಳ್ಳೆಯ ಮಾತಾಡಿ, ಬಟ್ಟೆಯನ್ನು ಎದೆಗೆ ಹಿಡಿದು ಅಳತೆ ನೋಡಿಕೊಂಡು ಹೋದರು. ಹೊಟ್ಟೆ ಒಳಗೆ ಎಳೆಯುವವಳು ಕೇಳಿದಳು, "ಇದು ನನ್ನದೇ ಅಂತ ನಿಮಗೆ ಹೇಗೆ ಗೊತ್ತಾಯ್ತು ಆಂಟಿ?"

"ಪುಸ್ತಕದಲ್ಲಿ ಬರ್ದಿದ್ಲು" ಎಂದು ಪುಸ್ತಕ ಮುಚ್ಚಿ ಅದರ ಮೇಲೆ ಕೂತೆ.

ಉಳಿದದ್ದು ಒಂದೇ ಕಟ್ಟು. ಬಿಚ್ಚಿದರೆ ಒಂದು ಕೆಂಪು ರೇಷ್ಮೆ ಸೀರೆ. ಹೊಸದಲ್ಲ, ಆದರೆ ಒಳ್ಳೆಯದು, ಸೆರಗು ತುಂಬ ಜರಿ. ಕತ್ತರಿ ಮುಟ್ಟಿರಲಿಲ್ಲ. ಪುಸ್ತಕದಲ್ಲಿ ಅಳತೆಯೂ ಇರಲಿಲ್ಲ. ಬರೆದದ್ದು ಇಷ್ಟು: "ನಗಾಡುವವಳು. ಅಕ್ಕ ಬರಲಿ." ಅದರ ಮುಂದೆ ನಂಬರು.

ಎಂಟು ಅಂಕಿಗಳಲ್ಲಿ ನಾಲ್ಕು ಉರುಟು. ಕನ್ನಡದ ಸೊನ್ನೆ ಒಂದು ಉರುಟು. ಅರಬಿಯ ಐದೂ ಒಂದು ಉರುಟೇ. ಅರಬಿಯ ಸೊನ್ನೆ ಬರೀ ಚುಕ್ಕಿ, ಆದರೆ ನಾದಿನಿ ಚುಕ್ಕಿ ಇಡುತ್ತಿರಲಿಲ್ಲ, ನೊಣ ಕೂತ ಹಾಗೆ ಕಾಣುತ್ತದಂತೆ. ಬೇರೆಯವರ ನಂಬರುಗಳಲ್ಲಿ ಒಂದೋ ಎರಡೋ ಉರುಟು, ಹೇಗೋ ನಿಭಾಯಿಸಿದ್ದೆವು. ಇದರಲ್ಲಿ ನಾಲ್ಕು. ಮೊದಲನೆಯದು ಐದೇ ಇರಬೇಕೆಂದು ಮಾಮಾ ಹೇಳಿದರು, ಇಲ್ಲಿ ಯಾರ ಮೊಬೈಲೂ ಸೊನ್ನೆಯಿಂದ ಶುರುವಾಗುವುದಿಲ್ಲ. ಉಳಿದ ಮೂರು? ಒಂದೊಂದೂ ಸೊನ್ನೆಯೋ ಐದೋ. ಮೊಮ್ಮಗಳು ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದಳು, ಒಟ್ಟು ಎಂಟು ನಂಬರುಗಳಾಗುತ್ತವೆ ಎಂದು. ಒಂದು ಕಾಗದದಲ್ಲಿ ಎಂಟನ್ನೂ ಬರೆದುಕೊಂಡೆ. ಅವುಗಳಲ್ಲಿ ಒಂದರ ಕೊನೆಯಲ್ಲಿ ಈ ಸೀರೆಯವಳು ಇದ್ದಾಳೆ. ಅವಳು ಶುಕ್ರವಾರದೊಳಗೆ ಸಿಗದಿದ್ದರೆ ಸೀರೆ ದಾನದ ಪೆಟ್ಟಿಗೆಗೆ, ಇಲ್ಲವೇ ನನ್ನ ಪೆಟ್ಟಿಗೆಗೆ. ಎರಡೂ ನಾದಿನಿಗೆ ಕೊಟ್ಟ ಮಾತಿಗೆ ವಿರುದ್ಧ.

ಗುರುವಾರ ಬೆಳಿಗ್ಗೆ ಮಾಮಾನ ಮಜ್ಲಿಸಿನಲ್ಲಿ, ಬಂದವರನ್ನು ಕೂರಿಸುವ ಕೋಣೆಯಲ್ಲಿ, ಕೂತು ಶುರು ಮಾಡಿದೆ. ಮೊದಲನೆಯವನು ಮಲಯಾಳಿ, ಯಾವುದೋ ಕೆಫೆಟೇರಿಯಾದವನು. ನಾನು ಹಿಂದಿಯಲ್ಲಿ, "ಆಪ್ ಕಾ ಲಾಲ್ ಸಾಡೀ ಹೈ ಕ್ಯಾ?" ಎಂದೆ. ಅವನು ಸ್ವಲ್ಪ ಯೋಚಿಸಿ, "ಲಾಲ್ ಚಾಯ್ ಹೈ, ಕಿತನಾ ಚಾಹಿಯೇ?" ಎಂದ. ಎರಡನೆಯದಕ್ಕೆ ಒಬ್ಬಳು ಹೆಂಗಸು ಎತ್ತಿ ಅರಬಿಯಲ್ಲಿ ಏನೋ ಹೇಳಿದಳು, ಆಮೇಲೆ ಇಂಗ್ಲಿಷಿನಲ್ಲಿ. ನಾನು ಸೀರೆಯ ಕತೆ ಪೂರ್ತಿ ಹೇಳಿದೆ. ಅವಳು ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದಳು. ಮೂರನೇ ಸಲ ಹೇಳಿದಾಗ ಗೊತ್ತಾಯಿತು, ಅದು ನಂಬರು ಇಲ್ಲ ಎನ್ನುವ ಯಂತ್ರ.

ಮೂರನೆಯದು ಸ್ವಿಚ್ ಆಫ್. ನಾಲ್ಕನೆಯದಕ್ಕೆ ಒಬ್ಬರು ಗಂಡಸು ಸಿಕ್ಕಿದರು. ನನ್ನ ಹಿಂದಿ ಕೇಳಿದ ಕೂಡಲೇ, "ಹೋಯ್, ಎಲ್ಲಾಯ್ತ್ ನಿಮ್ಗೆ?" ಎಂದು ಊರು ಕೇಳಿದರು. ಕುಂದಾಪುರದವರು. ಸೀರೆಯೂ ಗೊತ್ತಿಲ್ಲ, ನಾದಿನಿಯೂ ಗೊತ್ತಿಲ್ಲ. ಆದರೆ ಫೋನು ಇಡಲು ಒಪ್ಪಲಿಲ್ಲ. ಇಲ್ಲಿಯ ಬಂಗುಡೆಗೆ ರುಚಿ ಸಾಲದು ಎಂಬುದರಿಂದ ಹಿಡಿದು ಅವರ ಹೆಂಡತಿಯ ಮಂಡಿ ನೋವಿನ ತನಕ ಕೇಳಿದೆ. ನನ್ನ ಮಂಡಿಯದ್ದನ್ನೂ ಹೇಳಿದೆ. "ನಿಮ್ ಸೀರಿ ಸಿಕ್ರೆ ನಂಗೊಂದ್ ಫೋನ್ ಮಾಡಿ, ಇಲ್ದಿರೆ ನಂಗೆ ನಿದ್ರಿ ಬತ್ತಿಲ್ಲೆ" ಎಂದರು. ಐದನೆಯದು ಒಬ್ಬ ಅರಬ. ಮಾಮಾ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಮಾತಾಡಿದರು, ಅವನ ಅಜ್ಜಿಯ ಗುರುತು ಹಿಡಿದರು, ನಕ್ಕರು, ಕಾಲು ಗಂಟೆಯ ಮೇಲೆ ಫೋನು ವಾಪಸು ಕೊಟ್ಟು "ಸಾಡೀ ಮಾಫಿ" ಎಂದರು, ಸೀರೆ ಇಲ್ಲ ಎಂದು.

ಆರನೆಯದು ಎತ್ತಲಿಲ್ಲ. ಅಷ್ಟು ಹೊತ್ತಿಗೆ ನನಗೆ ಸಾಕಾಗಿತ್ತು. ಕಿವಿ ಬಿಸಿ, ಬೆರಳು ನೋವು, ಯಾರಿಗೋ ಹೇಳಬೇಕಾದ ಮಾತನ್ನು ಯಾರ್ಯಾರಿಗೋ ಹೇಳಿ ಬಾಯಿ ಒಣಗಿತ್ತು. ಸತ್ತವಳ ಮೇಲೆ ಸಿಟ್ಟು ಬಂತು. ಹೆಸರು ಬರೆದರೆ ಕೈ ಸವೆಯುತ್ತಿತ್ತೇ? ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದೆ. ಮಾಮಾ ನನ್ನ ಕಾಲಿನ ಮೇಲೆ ಒಂದು ಶಾಲು ಹೊದಿಸಿ ಏಸಿ ಕಡಿಮೆ ಮಾಡಿದ್ದು ಗೊತ್ತಾಯಿತು.

ಊಟದ ಹೊತ್ತಿಗೆ ಆ ಆರನೆಯ ನಂಬರಿನಿಂದಲೇ ಕಾಲು ಬಂತು.

"ಹಲೋ, ಯಾರು? ಮಿಸ್ಡ್ ಕಾಲ್ ಇತ್ತು" ಎಂದು ಹೆಣ್ಣು ದನಿ. ಕನ್ನಡ.

"ನೀನು ನಗಾಡುವವಳಾ?" ಎಂದುಬಿಟ್ಟೆ. ಬೇರೆ ಹೆಸರು ನನಗೆ ಗೊತ್ತಿರಲಿಲ್ಲ.

ಆ ಕಡೆ ಅವಳು ನಕ್ಕಳು. ಕುಲುಕುಲು ಎಂದು, ನಿಲ್ಲಿಸಲು ಆಗದ ಹಾಗೆ. ಮಾಮಾನಿಗೂ ಕೇಳಿಸಿ ಅವರು ಎರಡೂ ಕೈಯೆತ್ತಿ ದೇವರಿಗೆ ಸ್ತುತಿ ಹೇಳಿದರು.

ನಾದಿನಿ ತೀರಿಹೋದದ್ದು ಅವಳಿಗೆ ಗೊತ್ತಿರಲಿಲ್ಲ. ಹೇಳಿದಾಗ ನಗು ನಿಂತಿತು. "ನಾಳೆ ರಜೆ, ಬರ್ತೇನೆ ಆಂಟಿ" ಎಂದಳು.

ಶುಕ್ರವಾರ ಹತ್ತು ಗಂಟೆಗೆ ಬಂದಳು. ನಲವತ್ತರ ಆಸುಪಾಸು, ಒಂದು ಆಫೀಸಿನಲ್ಲಿ ಕ್ಲರ್ಕು, ಇರುವುದು ಉಮ್ಮ್ ಸಲಾಲ್‌ನಲ್ಲಿ. ನಮ್ಮ ಕಡೆಯ ಕ್ರಿಶ್ಚನ್ನರು. ಸೀರೆ ಅವಳ ತಾಯಿಯ ಮದುವೆಯದ್ದು. ಗಂಡಿನ ಮನೆಯವರು ಮದುಮಗಳಿಗೆ ಕೊಡುವ ಕೆಂಪು ಸೀರೆ, ಅವರಲ್ಲಿ ಅದಕ್ಕೆ ಸಾಡೊ ಎನ್ನುತ್ತಾರೆ. ಎರಡು ವರ್ಷದ ಹಿಂದೆ ತಾಯಿ ಹೋದಾಗ ಇವಳು ಅದನ್ನು ತನ್ನ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಳು. ಇವಳಿಗೊಬ್ಬಳು ಅಕ್ಕ. ಅವಳು ಇರುವುದು ಇಲ್ಲಿಯೇ, ಅಲ್ ಖೋರ್‌ನ ಟೌನ್‌ಶಿಪ್ಪಿನಲ್ಲಿ, ಮಾಮಾನ ಮನೆಯಿಂದ ಕಾರಿನಲ್ಲಿ ಐದು ನಿಮಿಷ.

"ಅಕ್ಕ ಹೇಳಿದ್ದು, ನೀನು ಕದ್ದದ್ದು ಅಂತ. ನಾನು ಹೇಳಿದೆ, ಹಾಗಾದ್ರೆ ಅರ್ಧ ಮಾಡುವಾ. ಅವಳು ಆಯ್ತು ಹೇಳಿದ್ಲು, ಆದ್ರೆ ಸೆರಗು ತನಗೆ ಬೇಕಂತೆ. ಸೆರಗು ಕೊಟ್ರೆ ಮತ್ತೆ ಎಂತ ಉಳೀತದೆ ಆಂಟಿ? ಬರೀ ಕೆಂಪು ಬಟ್ಟೆ."

"ಮತ್ತೆ?"

"ಮತ್ತೆ ಎಂತ, ನಾನು ಇಲ್ಲಿ ತಂದು ಕೊಟ್ಟೆ. ಕಟ್ ಮಾಡಿ, ಸೆರಗಿನ ಬದಿ ನಂಗೆ ಅಂತ. ಇವ್ರು ಕೇಳ್ಲಿಲ್ಲ. ನಿನ್ನ ಅಕ್ಕ ಬರ್ಲಿ, ಇಬ್ರ ಎದುರೇ ಕಟ್ ಮಾಡ್ತೇನೆ ಅಂದ್ರು. ಅಕ್ಕ ಬರ್ಲಿಲ್ಲ. ನಾನೂ ಮತ್ತೆ ಈ ಕಡೆ ಬರ್ಲಿಲ್ಲ. ಒಂದು ವರ್ಷ ಆಯ್ತು." ಹೇಳಿ ನಕ್ಕಳು. ಅವಳ ನಗು ಎಂಥದೆಂದು ಈಗ ತಿಳಿಯಿತು. ಅಳಬೇಕಾದಲ್ಲಿ ಬರುವ ನಗು ಅದು.

ನನಗೆ ಸುಸ್ತಾಗಿತ್ತು. ಸಂಜೆ ಮಗಳು ಬರುವವಳಿದ್ದಳು, ಹೊಲಿಗೆ ಮಿಷನ್ನನ್ನು ಮಾಮಾ ಆಗಲೇ ಒಳಗೆ ಸಾಗಿಸಿದ್ದರು, ಕೋಣೆಯಲ್ಲಿ ಉಳಿದದ್ದು ಕತ್ತರಿಸುವ ಮೇಜು ಮತ್ತು ನಾವು. "ಸೀರೆ ತಗೊಂಡು ಹೋಗು ಮಾರಾಯ್ತಿ, ನಿಮ್ಮ ಜಗಳ ನಿಮಗೆ" ಎನ್ನಲು ಬಾಯಿ ತೆರೆದೆ. ಆದರೆ ಯಾರ ಬಟ್ಟೆ ಯಾರಿಗೆ ಎಂದು ಐದು ದಿನ ಹುಡುಕಿ, ಕೊನೆಯದನ್ನು ಅರ್ಧ ಯಜಮಾನಿಗೆ ಕೊಟ್ಟು ಕಳಿಸಿದರೆ ನಾದಿನಿ ಕನಸಿನಲ್ಲಿ ಬಂದು ಕೂರುವವಳೇ.

"ಅಕ್ಕನಿಗೆ ಫೋನು ಮಾಡು."

"ಅವಳು ನನ್ನ ಕಾಲ್ ಎತ್ತುದಿಲ್ಲ."

ನನ್ನ ಫೋನಿನಿಂದ ಮಾಡಿದೆ. ಅಕ್ಕ ಎತ್ತಿದಳು. ನಾನು ಯಾರು, ನಾದಿನಿ ಯಾರು, ಸೀರೆ ಎಲ್ಲಿದೆ, ಎಲ್ಲ ಹೇಳಿ, ಇವತ್ತೇ ಬರಬೇಕೆಂದೆ. ಎಲ್ಲರಿಗೂ ಕೇಳಲಿ ಎಂದು ಮೊಮ್ಮಗಳು ಹೇಳಿಕೊಟ್ಟ ಸ್ಪೀಕರಿನ ಗುಂಡಿ ಒತ್ತಿದ್ದೆ.

"ನಂಗೆ ಬೇಡ ಆಂಟಿ" ಎಂದಿತು ಅಕ್ಕನ ದನಿ. "ಅವಳಿಗೇ ಕೊಡಿ. ಅಮ್ಮನ ಬಂಗಾರ ಕೇಳ್ಲಿಲ್ಲ, ಮನೆ ಕೇಳ್ಲಿಲ್ಲ. ಒಂದು ಸೀರೆ ಕೇಳಿದೆ. ಅದೂ ಬೇಡ. ಇಟ್ಕೊಳ್ಳಲಿ."

ಏನಾದರೂ ಹೇಳು ಎಂದು ನಾನು ತಂಗಿಗೆ ಸನ್ನೆ ಮಾಡಿದೆ. ಅವಳು ಮುಖ ತಿರುಗಿಸಿದಳು. ಫೋನನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಇಟ್ಟೆ. ಮುಖ ಕೆಳಗಾಗಿ ಇಟ್ಟರೆ ಕಾಲು ಕಟ್ಟಾಗುತ್ತದೆ ಎಂದು ಅಲ್ಲಿಯ ತನಕ ನಾನು ನಂಬಿದ್ದೆ.

"ನೋಡಿದ್ರಾ?" ಎಂದಳು ತಂಗಿ. "ಹಾಗಾದ್ರೆ ನಂಗೂ ಬೇಡ."

"ನಿಮಗಿಬ್ರಿಗೂ ಬೇಡದಿದ್ರೆ ನಾನೆಂತ ಮಾಡ್ಲಿ? ಉಟ್ಕೊಂಡು ಮದುವೆ ಆಗ್ಲಾ?"

ಅವಳು ನಗಲಿಲ್ಲ. ಸೀರೆಯ ಮೇಲೆ ಕೈಯಿಟ್ಟು ಕೂತಳು. "ಅಮ್ಮ ಐಸಿಯುನಲ್ಲಿದ್ದಾಗ ಅಕ್ಕನೇ ಇದ್ದದ್ದು. ನಂಗೆ ಲೀವ್ ಸಿಗ್ಲಿಲ್ಲ. ನಾನು ಹೋಗುವಾಗ ಪೆಟ್ಟಿಗೆ ಮುಚ್ಚಿ ಆಗಿತ್ತು. ಮುಖ ಸರಿ ನೋಡ್ಲಿಕ್ಕೇ ಸಿಗ್ಲಿಲ್ಲ. ಅದಕ್ಕೇ ನಾನು ಸೀರೆ ತೆಗ್ದದ್ದು. ಅಕ್ಕನಿಗೆ ಅಮ್ಮನೇ ಸಿಕ್ಕಿದ್ರಲ್ಲ. ಅದನ್ನು ಹೇಗೆ ಅವಳತ್ರ ಹೇಳುದು?"

ಬಾಗಿಲಲ್ಲಿ ಮಾಮಾ ನಿಂತಿದ್ದರು. ಮಾತು ತಿಳಿಯದಿದ್ದರೂ ಒಂದು ಸೀರೆ, ಇಬ್ಬರು ಅಕ್ಕತಂಗಿಯರು ಎಂಬುದು ತಿಳಿದಿತ್ತು. ಒಳಗೆ ಬಂದು ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಅವಳ ಕೈಗೆ ಕೊಟ್ಟು, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹಿಡಿಸಿದರು. ಅಡ್ಡಕ್ಕೆ ಕೈಯಿಟ್ಟು "ಲಾ" ಎಂದು ತಲೆಯಾಡಿಸಿದರು. ಆಮೇಲೆ ಸೆರಗಿನ ನಡುವಿನಿಂದ ಶುರು ಮಾಡಿ ಉದ್ದಕ್ಕೆ, ನೇರ ಗೆರೆ ಎಳೆದ ಹಾಗೆ, ಬೆರಳು ಓಡಿಸುತ್ತ ನಡೆದರು. "ನುಸ್, ನುಸ್" ಎಂದರು. ಅರ್ಧ, ಅರ್ಧ.

ಉದ್ದಕ್ಕೆ ಕತ್ತರಿಸಿದರೆ ಸೆರಗೂ ಎರಡಾಗುತ್ತದೆ, ಅಂಚೂ ಒಬ್ಬೊಬ್ಬರಿಗೆ ಒಂದೊಂದು. ಅಗಲ ಕಡಿಮೆಯಾಗುತ್ತದೆ, ಸೀರೆಯಾಗಿ ಉಡಲು ಬರುವುದಿಲ್ಲ, ಆದರೆ ಹೆಗಲಿಗೆ ಹಾಕಬಹುದು. ಇಷ್ಟು ವರ್ಷದಲ್ಲಿ ನಾನು ಸೀರೆಯನ್ನು ಆ ಕಡೆಯಿಂದ ನೋಡಿಯೇ ಇರಲಿಲ್ಲ. ಸೀರೆ ಉಟ್ಟವರಿಗೆ ಅದು ತೋಚುವುದೂ ಇಲ್ಲ, ಕತ್ತರಿಯನ್ನು ಅಡ್ಡಕ್ಕೇ ಹಿಡಿಯುತ್ತೇವೆ. ಮಾಮಾ ಸೀರೆ ಉಟ್ಟವರಲ್ಲ.

"ಕಟ್ ಮಾಡ್ಲಾ?" ಎಂದೆ.

ತಂಗಿ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ನನಗೆ ಹೊಲಿಗೆ ಬರುವುದಿಲ್ಲ. ಬದುಕಿನಲ್ಲಿ ನೆಟ್ಟಗೆ ಕತ್ತರಿಸಿದ್ದೆಂದರೆ ಮೀನು ಮಾತ್ರ. ಆದರೆ ಇಲ್ಲಿ ಇದ್ದವಳು ನಾನೇ. ಬಿಟ್ಟು ಹೋದರೆ ಈ ಸೀರೆ ಇನ್ನೊಂದು ಕಪಾಟಿನಲ್ಲಿ ಇನ್ನೂ ಹತ್ತು ವರ್ಷ ಗಂಟು ಕಟ್ಟಿಕೊಂಡು ಕೂರುತ್ತದೆ, ಅಷ್ಟರಲ್ಲಿ ಈ ಇಬ್ಬರಲ್ಲಿ ಯಾರ ಕೋಣೆ ಖಾಲಿ ಮಾಡಲು ಯಾರು ಬರಬೇಕೋ. ನಾದಿನಿಯ ದೊಡ್ಡ ಕತ್ತರಿ ಎತ್ತಿಕೊಂಡೆ. ಸೆರಗಿನ ಅಗಲವನ್ನು ಮಡಚಿ ನಡುವೆ ಗುರುತು ಮಾಡಿ ಕತ್ತರಿ ಹಾಕಿದೆ. ಜರಿ ಗಟ್ಟಿಯಿತ್ತು, ಕರಕರ ಎಂದು ಸದ್ದಾಯಿತು. ಮಾಮಾ ಬಟ್ಟೆ ಬಿಗಿ ಹಿಡಿದು ಹಿಂದೆ ಹಿಂದೆ ಸರಿದರು. ನಾನು ಉಸಿರು ಕಟ್ಟಿಕೊಂಡು ಮುಂದೆ ಮುಂದೆ ಹೋದೆ. ತಂಗಿ ಕಣ್ಣು ಮುಚ್ಚಿಕೊಂಡಿದ್ದಳು.

ಅರ್ಧ ಕೋಣೆ ದಾಟಿರಬೇಕು. ಮೇಜಿನ ಮೇಲಿನ ಫೋನು ಮಾತಾಡಿತು.

"ಸೆರಗು ಯಾರಿಗೆ ಬಂತು?"

ಮೂವರೂ ನಿಂತೆವು. ಮಾಮಾ ಬಿಸ್ಮಿಲ್ಲಾ ಎಂದರು. ಕಾಲು ಕಟ್ಟಾಗಿರಲಿಲ್ಲ. ಅಕ್ಕ ಅಷ್ಟು ಹೊತ್ತೂ ಅಲ್ಲಿಯೇ ಇದ್ದಳು, ಎಲ್ಲ ಕೇಳುತ್ತ. ಲೀವು ಸಿಗಲಿಲ್ಲ ಎಂಬುದನ್ನೂ, ಪೆಟ್ಟಿಗೆಯದ್ದನ್ನೂ.

"ಇಬ್ಬರಿಗೂ" ಎಂದೆ ನಾನು ಫೋನನ್ನು ನೆಟ್ಟಗೆ ತಿರುಗಿಸಿ. "ಉದ್ದಕ್ಕೆ ಕತ್ತರಿಸಿದ್ದು. ಅರ್ಧ ಅರ್ಧ."

ನಾನು ಕತ್ತರಿಸುವುದನ್ನು ಮುಂದುವರಿಸಿದೆ, ನಿಲ್ಲಿಸಿದರೆ ಗೆರೆ ತಪ್ಪುತ್ತದೆ ಎಂಬ ಭಯ. ಇನ್ನೊಂದು ತುದಿಗೆ ಬಂದು ಕತ್ತರಿ ಇಟ್ಟಾಗ ತಂಗಿ ಕಣ್ಣು ತೆರೆದು ಎರಡೂ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದಳು. ಕತ್ತರಿಸಿದ ಅಂಚು ಹಾವು ಹೋದ ಹಾಗಿತ್ತು. ಅವಳು ಅದನ್ನು ನೋಡುತ್ತಿರಲಿಲ್ಲ. ಒಂದು ತುಂಡಿನ ಒಳಸುತ್ತಿನ ಹತ್ತಿರ, ಸೊಂಟಕ್ಕೆ ಸಿಕ್ಕಿಸುವ ಜಾಗದಲ್ಲಿ, ಒಂದು ಮಾಸಲು ಕಲೆಯಿತ್ತು. ಎಣ್ಣೆಯದ್ದು, ನಾಲ್ಕು ಬೆರಳಿನ ಅಗಲ.

"ಅಕ್ಕ" ಎಂದಳು ಫೋನಿನ ಕಡೆಗೆ. ಒಂದು ವರ್ಷದಲ್ಲಿ ಮೊದಲ ಸಲ ಕರೆದದ್ದಿರಬೇಕು. "ಇಲ್ಲಿ ಅಮ್ಮನ ಕೈ ಉಂಟು."

"ಯಾವ ಕೈ?"

"ಎಣ್ಣೆ ಕೈ. ನಿನ್ನ ಮದುವೆ ದಿನ ಅಮ್ಮ ಇದನ್ನೇ ಉಟ್ಟದ್ದಲ್ವಾ, ನಿಂಗೆ ತಲೆಗೆ ಹಚ್ಚಿ ಹಾಗೇ ಒರೆಸಿದ್ದು. ನೀನು ಬೈದಿದ್ದಿ, ಸಾಡೊ ಹಾಳಾಯ್ತು ಅಂತ."

"ಅದು ಯಾವ ತುಂಡಿನಲ್ಲಿ ಬಂದದ್ದು?" ಎಂದಳು ಅಕ್ಕ.

"ನಾನು ಎಡಗೈಲಿ ಹಿಡ್ಕೊಂಡದ್ರಲ್ಲಿ."

"ಅದು ಮುಟ್ಬೇಡ. ಇಡು ಕೆಳಗೆ. ನಾನು ಬರ್ತಾ ಇದ್ದೇನೆ."

"ಯಾಕೆ, ಅದು ನಂಗೆ."

"ನನ್ನ ತಲೆಯ ಎಣ್ಣೆ ಅದು. ಇಡು ಹೇಳಿದೆ."

ಈ ಸಲ ನಾನು ಸರಿಯಾದ ಗುಂಡಿ ಒತ್ತಿ ಕಾಲು ನಿಲ್ಲಿಸಿದೆ. ತಂಗಿ ಕಲೆಯ ತುಂಡನ್ನು ಇಡಲಿಲ್ಲ. ಎದೆಗೆ ಒತ್ತಿಕೊಂಡು, ಕಣ್ಣೀರು ಒರೆಸಿಕೊಳ್ಳದೆ, ಬಾಗಿಲ ಕಡೆ ನೋಡುತ್ತ ನಿಂತಳು, ಶಾಲೆಯಲ್ಲಿ ಪೆನ್ಸಿಲು ಬಚ್ಚಿಟ್ಟುಕೊಂಡ ಹುಡುಗಿಯ ಹಾಗೆ.

ಅಕ್ಕ ಐದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಮನೆಯ ಚಪ್ಪಲಿಯಲ್ಲೇ ಬಂದಿದ್ದಳು. ನನಗೂ ಮಾಮಾನಿಗೂ ಒಂದು ಮಾತು ಇಲ್ಲ, ನೇರ ತಂಗಿಯ ಮುಂದೆ ಹೋಗಿ ಬಟ್ಟೆಯ ತುದಿ ಹಿಡಿದು ಆ ಕಲೆಯನ್ನು ಮೂಸಿ ನೋಡಿದಳು. ವಾಸನೆ ಎಲ್ಲಿ ಉಳಿದಿರುತ್ತದೆ. ಆದರೂ ಮೂಸಿದಳು. ತಂಗಿಯೂ ಬಗ್ಗಿ ಮೂಸಿದಳು. ಇಬ್ಬರ ತಲೆ ಡಿಕ್ಕಿ ಹೊಡೆಯಿತು.

"ದೂರ ನಿಲ್ಲು" ಎಂದಳು ಅಕ್ಕ.

"ನೀನು ನಿಲ್ಲು."

ಯಾರೂ ನಿಲ್ಲಲಿಲ್ಲ. ಅವರ ಮಾತು ಕೊಂಕಣಿಗೆ ಹೊರಳಿತು. ಅದು ನನಗೆ ಅರ್ಧ ತಿಳಿಯುತ್ತದೆ, ತಿಳಿದದ್ದನ್ನು ಬರೆಯುವುದಿಲ್ಲ. ಮಾಮಾ ನನ್ನ ತೋಳು ಹಿಡಿದು ಹೊರಗೆ ಎಳೆದರು. ಇಬ್ಬರೂ ಕೋಣೆಯ ಮೆಟ್ಟಿಲ ಮೇಲೆ, ಗೋಡೆಯ ನೆರಳಿನಲ್ಲಿ ಕೂತೆವು. ನನ್ನ ಬಲಗೈ ಹೆಬ್ಬೆರಳು ಕತ್ತರಿಯ ಹಿಡಿಯಿಂದ ಕೆಂಪಾಗಿ ಊದಿತ್ತು. ಒಳಗೆ ದನಿ ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೆ ಇಬ್ಬರೂ ಒಟ್ಟಿಗೆ ಅತ್ತದ್ದು ಕೇಳಿತು, ಮತ್ತೆ ಜಗಳ. ಕೋಣೆ ಬೇಗ ಬಿಟ್ಟುಕೊಡಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ, ಎದ್ದು ಹೋಗಲು ಮಂಡಿಯೂ ಒಪ್ಪಲಿಲ್ಲ. ಮಗಳು ಬಂದಾಗಲೂ ಅವರು ಒಳಗೇ ಇದ್ದರು. ನಾನು ಅಲ್ಲಿಯೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದೆನಂತೆ.